ಬೊರ್ರೇಲಿಯಾ ಕಲ್ಚರ್ ಬೆಳೆಯುತ್ತದೆ, ಸಾಯುತ್ತದೆ, ಮತ್ತೆ ಬೆಳೆಯುತ್ತದೆ: ಕಬ್ಬಿಣ ಸಾಲುತ್ತಿಲ್ಲವಾ?

ಸುರುಳಿ_34 | ಸೋಮವಾರ, ಬೆಳಿಗ್ಗೆ 10.15

ಎಲ್ಲರಿಗೂ ನಮಸ್ಕಾರ. ಸಂಶೋಧನೆಯ ಎರಡನೇ ವರ್ಷದಲ್ಲಿದ್ದೇನೆ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದಾಗ ಮೈಗೆ ಸೇರುವ ಬ್ಯಾಕ್ಟೀರಿಯಾಗಳು ತಮಗೆ ಬೇಕಾದ ಪೋಷಕಾಂಶವನ್ನು ಎಲ್ಲಿಂದ, ಹೇಗೆ ಎಳೆದುಕೊಳ್ಳುತ್ತವೆ ಅನ್ನುವುದು ನನ್ನ ವಿಷಯ. ಸದ್ಯಕ್ಕೆ ಲೈಮ್ ರೋಗ ತರುವ ಬೊರ್ರೇಲಿಯಾ ಬರ್ಗ್‌ಡಾರ್ಫೆರಿಯನ್ನು ಬೆಳೆಸುತ್ತಿದ್ದೇನೆ. ಬಿ31 ತಳಿ, ಬಿಎಸ್‌ಕೆ ಮೀಡಿಯಂ (ಇದನ್ನು ಬೆಳೆಸಲು ಬಳಸುವ ಪೋಷಕ ದ್ರವ), 34 ಡಿಗ್ರಿ ಸೆಲ್ಸಿಯಸ್.

ಸಮಸ್ಯೆ ಹೀಗಿದೆ. ಒಂದು ಎಂಎಲ್‌ಗೆ 1 ಲಕ್ಷ ಕೋಶದಂತೆ ಹಾಕಿ ಶುರು ಮಾಡುತ್ತೇನೆ. ಮೂರನೇ ದಿನಕ್ಕೆ ಎಣಿಕೆ ಸುಮಾರು 30 ಲಕ್ಷ ಮುಟ್ಟುತ್ತದೆ. ಅಲ್ಲಿಗೆ ನಿಂತುಬಿಡುತ್ತದೆ. ಆಮೇಲೆ ಇಳಿಯುತ್ತದೆ. ಆರನೇ ದಿನ ನೋಡಿದರೆ 3 ಲಕ್ಷವೂ ಇರುವುದಿಲ್ಲ. ಡಾರ್ಕ್‌ಫೀಲ್ಡ್ ಸೂಕ್ಷ್ಮದರ್ಶಕದಲ್ಲಿ (ಕಪ್ಪು ಹಿನ್ನೆಲೆಯಲ್ಲಿ ಕೋಶ ಬೆಳಗಿ ಕಾಣುವಂಥದ್ದು) ನೋಡಿದರೆ ಸುರುಳಿಯಾಕಾರದ ಕೋಶಗಳು ಮಂಕಾಗಿ, ಅಲುಗಾಡದೆ ಬಿದ್ದಿರುತ್ತವೆ. ಕೆಲವು ಉಂಡೆಯಾಗಿರುತ್ತವೆ. ಮೊದಲ ಸಲ ಅದು ಸತ್ತೇಹೋಯಿತು ಅಂತ ಟ್ಯೂಬನ್ನು ಎಸೆದೆ.

ಎರಡನೇ ಸಲ ಎಸೆಯದೆ ಇನ್‌ಕ್ಯುಬೇಟರ್‌ನಲ್ಲೇ ಬಿಟ್ಟೆ. ಎಂಟನೇ ದಿನದಿಂದ ಎಣಿಕೆ ಮತ್ತೆ ಏರತೊಡಗಿತು! ಹನ್ನೆರಡನೇ ದಿನಕ್ಕೆ 4 ಕೋಟಿ ದಾಟಿತು. ಮೀಡಿಯಂ ಕೆಂಪಿನಿಂದ ಹಳದಿಗೆ ತಿರುಗಿತು. ಮೂರನೇ ಸಲವೂ ಅದೇ ಕಥೆ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ.

ನನ್ನ ಅನುಮಾನ ಕಬ್ಬಿಣದ ಮೇಲೆ. ಎಲ್ಲ ಬ್ಯಾಕ್ಟೀರಿಯಾಕ್ಕೂ ಕಬ್ಬಿಣ ಬೇಕು ಅಂತ ಓದಿಕೊಂಡೇ ಬಂದಿದ್ದೇವೆ. ಉಣುಗಿನೊಳಗೆ ಅದಕ್ಕೆ ರಕ್ತ ಸಿಗುತ್ತದೆ, ನನ್ನ ಟ್ಯೂಬಿನಲ್ಲಿ ರಕ್ತವಿಲ್ಲ. ಹಾಗಾಗಿ ಒಂದು ಟ್ಯೂಬಿಗೆ ಫೆರಿಕ್ ಅಮೋನಿಯಂ ಸಿಟ್ರೇಟ್ ಅನ್ನುವ ಕಬ್ಬಿಣದ ಲವಣ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಇನ್ನೂ ಜಾಸ್ತಿ ಹಾಕಬೇಕಾ? ರಕ್ತದಲ್ಲಿರುವ ಹಾಗೆ ಹೀಮ್ ರೂಪದಲ್ಲಿ ಕೊಡಬೇಕಾ? ಮಧ್ಯದಲ್ಲಿ ಸತ್ತು ಮತ್ತೆ ಹುಟ್ಟುವುದು ಯಾಕೆ? ಮೂರು ತಿಂಗಳಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಕಪ್ಪುಹಿನ್ನೆಲೆ | ಸೋಮವಾರ, ಮಧ್ಯಾಹ್ನ 12.40

ಕಬ್ಬಿಣದ ವಿಷಯ ಆಮೇಲೆ ನೋಡೋಣ. ಮೊದಲು ಎರಡನೇ ಸಲ ಎದ್ದು ಬಂದದ್ದು ಬೊರ್ರೇಲಿಯಾವೇ ಅಂತ ಖಚಿತವಾಗಬೇಕು. ಬೇರೆ ಯಾವುದೋ ಬ್ಯಾಕ್ಟೀರಿಯಾ ನುಸುಳಿದ್ದರೂ ಎಣಿಕೆ ಏರುತ್ತದೆ, ಮೀಡಿಯಂ ಹಳದಿಯಾಗುತ್ತದೆ. ಆದರೆ ಅಂಥದ್ದು ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಟ್ಯೂಬನ್ನು ಕದಡಿಬಿಡುತ್ತದೆ. ನಾಲ್ಕು ದಿನ ತೆಗೆದುಕೊಳ್ಳುವುದಿಲ್ಲ. ಡಾರ್ಕ್‌ಫೀಲ್ಡ್‌ನಲ್ಲಿ ಏನು ಕಂಡಿತು, ಹೇಳಿ. ಫ್ಲಾಜೆಲಿನ್ ಜೀನಿಗೆ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿದ್ದೀರಾ?

ಇನ್ನು ಕೆಲವು ಪ್ರಶ್ನೆ. ಟ್ಯೂಬನ್ನು ಎಷ್ಟು ತುಂಬಿಸುತ್ತೀರಿ? ಬೊರ್ರೇಲಿಯಾಕ್ಕೆ ಆಮ್ಲಜನಕ ಸ್ವಲ್ಪವೇ ಸಾಕು. ಟ್ಯೂಬಿನ ಕತ್ತಿನವರೆಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಅಲುಗಾಡಿಸದೆ ಇಡಬೇಕು. ಅಲ್ಬುಮಿನ್ ಪ್ರೊಟೀನ್ ಯಾವ ಲಾಟ್‌ನದು, ಅಂದರೆ ಯಾವ ತಯಾರಿಕೆಯ ಕಂತಿನದು? ಒಂದು ಲಾಟ್‌ನಲ್ಲಿ ಚೆನ್ನಾಗಿ ಬೆಳೆದದ್ದು ಇನ್ನೊಂದು ಲಾಟ್‌ನಲ್ಲಿ ಕಣ್ಣೇ ಬಿಡುವುದಿಲ್ಲ. ಬಿಎಸ್‌ಕೆ ಮಾಡುವವರೆಲ್ಲ ಈ ಪೆಟ್ಟು ತಿಂದವರೇ. ಮೊಲದ ಸೀರಂ ಎಷ್ಟು ಹಾಕುತ್ತೀರಿ? ಮೀಡಿಯಂ ನೀವೇ ಮಾಡಿದ್ದೋ, ತಯಾರಾಗಿ ಬಂದದ್ದೋ?

ನೀವೇ ಮಾಡಿದ್ದಾದರೆ ಹಾಕಿದ್ದನ್ನೆಲ್ಲ ಒಂದೂ ಬಿಡದೆ ಬರೆಯಿರಿ. ಸಣ್ಣದು ಅಂತ ಬಿಟ್ಟುಬಿಡಬೇಡಿ.

ಸೈಡರೋಫೋರ್ | ಸೋಮವಾರ, ಮಧ್ಯಾಹ್ನ 3.05

ನಾನು ಕೆಲಸ ಮಾಡುವುದು ಇ. ಕೋಲೈ ಮೇಲೆ. ಬೊರ್ರೇಲಿಯಾ ಗೊತ್ತಿಲ್ಲ, ಆದರೆ ಕಬ್ಬಿಣದ ಕೊರತೆ ಚೆನ್ನಾಗಿ ಗೊತ್ತು. ನಮ್ಮ ರಕ್ತ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್‌ನಲ್ಲಿ ಕಟ್ಟಿಹಾಕುತ್ತದೆ. ಕಣ್ಣೀರು, ಹಾಲಿನಂಥ ದ್ರವಗಳಲ್ಲಿ ಲ್ಯಾಕ್ಟೋಫೆರಿನ್ ಆ ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾ ಅದನ್ನು ಕಿತ್ತುಕೊಳ್ಳಲು ಸೈಡರೋಫೋರ್ ಅನ್ನುವ ಸಣ್ಣ ಅಣುಗಳನ್ನು ಹೊರಬಿಡುತ್ತದೆ. ನಿಮ್ಮ ಮೀಡಿಯಂನಲ್ಲಿ ಸೀರಂ ಇದ್ದರೆ ಟ್ರಾನ್ಸ್‌ಫೆರಿನ್ ಕೂಡ ಇರುತ್ತದೆ. ಶುರುವಿನಲ್ಲಿ ಸಿಕ್ಕ ಕಬ್ಬಿಣ ಮುಗಿದು, ಸೈಡರೋಫೋರ್ ಸಾಕಷ್ಟು ಶೇಖರವಾಗುವವರೆಗೆ ಬೆಳವಣಿಗೆ ನಿಂತು, ಆಮೇಲೆ ಮತ್ತೆ ಶುರುವಾಗಿರಬಹುದು ಅಲ್ವಾ? ನಾನಾಗಿದ್ದರೆ ಹೀಮಿನ್ (ಹೀಮ್‌ನ ಒಂದು ರೂಪ) ಹಾಕಿ ನೋಡುತ್ತಿದ್ದೆ.

ಸುರುಳಿ_34 | ಮಂಗಳವಾರ, ಬೆಳಿಗ್ಗೆ 9.30

ಇಬ್ಬರಿಗೂ ಧನ್ಯವಾದ.

ಕಪ್ಪುಹಿನ್ನೆಲೆ ಸರ್, ಎರಡನೇ ಸಲ ಎದ್ದದ್ದು ಬೊರ್ರೇಲಿಯಾವೇ. ಉದ್ದ, ತೆಳ್ಳಗಿನ ಸುರುಳಿಗಳು, ಚೆನ್ನಾಗಿ ಓಡಾಡುತ್ತಿವೆ. ಪಿಸಿಆರ್ ಕೂಡ ಹೌದು ಅಂದಿದೆ. ಬೇರೆ ಆಕಾರದ್ದು ಒಂದೂ ಕಾಣಲಿಲ್ಲ. ಟ್ಯೂಬ್ ಕತ್ತಿನವರೆಗೆ ತುಂಬಿದೆ, ಮುಚ್ಚಳ ಬಿಗಿಯಾಗಿದೆ. ಅಲ್ಬುಮಿನ್ ಲಾಟ್ ಹಳೆಯದೇ. ಅದರಲ್ಲೇ ನಮ್ಮ ಸೀನಿಯರ್ ಚೆನ್ನಾಗಿ ಬೆಳೆಸಿದ್ದರು.

ಮೀಡಿಯಂ ನಾನೇ ಮಾಡಿದ್ದು. ಹಾಕಿದ್ದು ಇಷ್ಟು: ಸಿಎಂಆರ್‌ಎಲ್ ಪುಡಿ, ನಿಯೋಪೆಪ್ಟೋನ್, ಯೀಸ್ಟ್ ಸಾರ, ಹೆಪಿಸ್ ಬಫರ್, ಸಿಟ್ರೇಟ್, ಗ್ಲೂಕೋಸ್, ಪೈರುವೇಟ್, ಬೈಕಾರ್ಬೊನೇಟ್, ಅಲ್ಬುಮಿನ್. ಪಿಎಚ್ 7.6. ಆಟೋಕ್ಲೇವ್ ಮಾಡದೆ ಫಿಲ್ಟರ್ ಮಾಡಿದ್ದೇನೆ. ಕೊನೆಗೆ ಮೊಲದ ಸೀರಂ ಶೇಕಡಾ 6.

ನೀವು ಏನೂ ಬಿಡಬೇಡಿ ಅಂದದ್ದಕ್ಕೆ ಹೇಳುತ್ತಿದ್ದೇನೆ: ಮೂಲ ವಿಧಾನದಲ್ಲಿ ಎನ್-ಅಸಿಟೈಲ್ ಗ್ಲೂಕೋಸಮೈನ್ ಕೂಡ ಇದೆ. ಲ್ಯಾಬಿನಲ್ಲಿ ಅದು ಮುಗಿದಿತ್ತು. ಹಾಕಬೇಕಾದದ್ದು ತೀರಾ ಸ್ವಲ್ಪ. ಅದೂ ಒಂದು ಬಗೆಯ ಸಕ್ಕರೆಯೇ, ಗ್ಲೂಕೋಸ್ ಹೇಗೂ ಧಾರಾಳವಾಗಿದೆ ಅಂತ ಅದನ್ನು ಬಿಟ್ಟೆ. ಮೂರು ತಿಂಗಳ ಹಿಂದಿನಿಂದ ಮಾಡಿದ ಮೀಡಿಯಂ ಎಲ್ಲ ಹೀಗೆಯೇ.

ಉಣುಗುಗಾವಲು | ಮಂಗಳವಾರ, ರಾತ್ರಿ 8.20

ತಮ್ಮಾ, ನಿಮ್ಮ ಉತ್ತರ ನೀವೇ ಬರೆದ ಕೊನೆಯ ಸಾಲಿನಲ್ಲಿದೆ. ಕೊರತೆ ಇರುವುದು ಕಬ್ಬಿಣದ್ದಲ್ಲ, ಬಿಟ್ಟುಹೋದ ಆ ಸಕ್ಕರೆಯದ್ದು. ನಿಮ್ಮ ಎಣಿಕೆಯ ಏರಿಳಿತ ನೋಡಿದ ಕೂಡಲೇ ಅನುಮಾನ ಬಂದಿತ್ತು. ಅಸಿಟೈಲ್ ಗ್ಲೂಕೋಸಮೈನ್ ಇಲ್ಲದ ಬಿಎಸ್‌ಕೆಯಲ್ಲಿ ಬೊರ್ರೇಲಿಯಾ ಬೆಳೆಯುವುದೇ ಹೀಗೆ: ಒಂದು ಸಣ್ಣ ಏರು, ಒಂದು ಇಳಿತ, ಆಮೇಲೆ ದೊಡ್ಡ ಏರು. ಇದನ್ನು 2001ರಿಂದಲೂ ಹಲವು ಲ್ಯಾಬುಗಳು ಕಂಡು ಬರೆದಿವೆ. ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ. ಮೂರು ಸಲವೂ ಅದೇ ದಿನಗಳಲ್ಲಿ ಅದೇ ಏರಿಳಿತ ಬಂದಿದೆ ಅಂದರೆ ಕೈ ಸ್ಥಿರವಾಗಿದೆ.

ಈಗ ಯಾಕೆ ಅಂತ ನೋಡೋಣ. ನಿಮ್ಮ ಸಂಶೋಧನೆಯ ಪ್ರಶ್ನೆಯೂ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೊರ್ರೇಲಿಯಾದ ಮುಖ್ಯ ಕ್ರೋಮೋಸೋಮ್ 9.1 ಲಕ್ಷ ಅಕ್ಷರದಷ್ಟು. ಇ. ಕೋಲೈನದು 46 ಲಕ್ಷ. 1997ರಲ್ಲಿ ಬಿ31ರ ಜೀನೋಮ್ ಓದಿದಾಗಲೇ ಗೊತ್ತಾಯಿತು: ಇದಕ್ಕೆ ಅಮೈನೋ ಆಮ್ಲ ಮಾಡಲು ಬರುವುದಿಲ್ಲ, ಕೊಬ್ಬಿನಾಮ್ಲ ಮಾಡಲು ಬರುವುದಿಲ್ಲ, ಡಿಎನ್‌ಎಗೆ ಬೇಕಾದ ಪ್ಯೂರಿನ್ ಮಾಡಲೂ ಬರುವುದಿಲ್ಲ. ಆಹಾರದಿಂದ ಶಕ್ತಿ ಪಡೆಯುವ ಕ್ರೆಬ್ಸ್ ಚಕ್ರವೇ ಇಲ್ಲ. ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲದವರೆಗೆ ಒಡೆದು ಶಕ್ತಿ ಪಡೆಯುತ್ತದೆ, ಅಷ್ಟೇ. ನಿಮ್ಮ ಮೀಡಿಯಂ ಹಳದಿಯಾಗುವುದು ಆ ಆಮ್ಲದಿಂದಲೇ. ಹೀಗೆ ತಾನು ಮಾಡಲಾಗದ್ದನ್ನೆಲ್ಲ ಅದು ಹೊರಗಿನಿಂದ ತರಬೇಕು. ತರಬೇಕಾದರೆ ಪೊರೆಯಲ್ಲಿ ಅದಕ್ಕೆ ತಕ್ಕ ಬಾಗಿಲು ಇರಬೇಕು. ಅಮೈನೋ ಆಮ್ಲವನ್ನು ಪೆಪ್ಟೈಡ್ ತುಂಡುಗಳಾಗಿ ಒಳಗೆಳೆಯಲು ಆಪ್ ಅನ್ನುವ ವ್ಯವಸ್ಥೆಯಿದೆ. ಪೆಪ್ಟೈಡ್ ಹಿಡಿಯುವ ಆಪ್-ಎ ಪ್ರೊಟೀನ್ ಒಂದಲ್ಲ, ಐದಿವೆ. ಇಷ್ಟು ಸಣ್ಣ ಜೀವಿ ಒಂದೇ ಕೆಲಸಕ್ಕೆ ಐದು ಪ್ರೊಟೀನ್ ಇಟ್ಟುಕೊಂಡಿದೆ ಅಂದರೆ ಅದಕ್ಕೆ ಪೆಪ್ಟೈಡ್ ಎಷ್ಟು ಮುಖ್ಯ ಅಂತ ಯೋಚಿಸಿ. ಪ್ಯೂರಿನ್‌ಗೆ ಬೇರೆ ಬಾಗಿಲು. ಕೊಲೆಸ್ಟರಾಲ್ ಮತ್ತು ಕೊಬ್ಬನ್ನು ಸೀರಂನಿಂದ, ಅಲ್ಬುಮಿನ್‌ನಿಂದ ತೆಗೆದುಕೊಂಡು ತನ್ನ ಪೊರೆಗೇ ಹೊಂದಿಸಿಕೊಳ್ಳುತ್ತದೆ. ಅಲ್ಬುಮಿನ್ ಲಾಟ್ ಬದಲಾದರೆ ಬೆಳವಣಿಗೆ ಕೆಡಲು ಅಲ್ಬುಮಿನ್ ಹೊತ್ತು ತರುವ ಕೊಬ್ಬೂ ಒಂದು ಕಾರಣ.

ಇನ್ನು ನಿಮ್ಮ ಸಕ್ಕರೆ. ಗ್ಲೂಕೋಸ್ ಅದಕ್ಕೆ ಉರುವಲು. ಅಸಿಟೈಲ್ ಗ್ಲೂಕೋಸಮೈನ್ ಉರುವಲೂ ಹೌದು, ಕೋಶದ ಗೋಡೆಯ ಇಟ್ಟಿಗೆಯೂ ಹೌದು. ಗೋಡೆಯ ಜಾಲವಾದ ಪೆಪ್ಟಿಡೋಗ್ಲೈಕಾನ್ ಕಟ್ಟುವುದು ಅದರಿಂದಲೇ. ನಮ್ಮ ಪರಿಚಿತ ಬ್ಯಾಕ್ಟೀರಿಯಾಗಳು ಗ್ಲೂಕೋಸ್‌ನಿಂದ ಈ ಇಟ್ಟಿಗೆಯನ್ನು ತಾವೇ ಮಾಡಿಕೊಳ್ಳುತ್ತವೆ. ಬೊರ್ರೇಲಿಯಾಕ್ಕೆ ಅದು ಬರುವುದಿಲ್ಲ. ನೀವು ಗ್ಲೂಕೋಸನ್ನು ಹತ್ತು ಪಟ್ಟು ಹಾಕಿದರೂ ಇಟ್ಟಿಗೆ ಆಗುವುದಿಲ್ಲ. ಅದರ ಮೇಲೆ ಇನ್ನೊಂದು ತೊಂದರೆ. ಇ. ಕೋಲೈ ಬೆಳೆಯುವಾಗ ಉದುರಿದ ಗೋಡೆಯ ಚೂರುಗಳನ್ನು ಮತ್ತೆ ಒಳಗೆಳೆದು ಬಳಸುತ್ತದೆ. ಬೊರ್ರೇಲಿಯಾಕ್ಕೆ ಆ ದಾರಿಯೂ ಇಲ್ಲ. ಒಂದೊಂದು ತಲೆಮಾರಿಗೆ ತನ್ನ ಗೋಡೆಯ ಸುಮಾರು ಶೇಕಡಾ 45ರಷ್ಟನ್ನು ಹೊರಗೆ ಚೆಲ್ಲುತ್ತದೆ ಅಂತ 2019ರಲ್ಲಿ ಪ್ರಕಟವಾಗಿದೆ. ತಾನು ಮಾಡಲಾರದ ಇಟ್ಟಿಗೆಯನ್ನೇ ಇಷ್ಟು ಕಳೆದುಕೊಳ್ಳುವ ಜೀವಿ ಬೇರೆಡೆ ನಾನು ಕಂಡಿಲ್ಲ. (ಚೆಲ್ಲಿದ ಆ ಚೂರುಗಳು ಲೈಮ್ ರೋಗಿಗಳ ಕೀಲಿನಲ್ಲಿ ಉರಿಯೂತಕ್ಕೆ ಕಾರಣವಾಗುತ್ತವೆ. ಅದು ಬೇರೆ ಚರ್ಚೆ, ಆದರೆ ಈ ಸಕ್ಕರೆಯನ್ನು ಸಣ್ಣದು ಅನ್ನಲಾಗದು ಅಂತ ಹೇಳಲು ಬರೆದೆ.)

ನಿಮ್ಮ ಮೊದಲ ಏರಿಗೆ ಕಾರಣ ಹಳೆ ಮೀಡಿಯಂನಿಂದ ಜೊತೆಗೆ ಬಂದ ಉಳಿಕೆ ಮತ್ತು ಹೊಸದರಲ್ಲಿ ಬಿಡಿಬಿಡಿಯಾಗಿ ಇದ್ದ ಅಲ್ಪಸ್ವಲ್ಪ. ಐದು ಸಲ ಇಬ್ಭಾಗವಾಗುವಷ್ಟರಲ್ಲಿ ಅದು ಮುಗಿಯಿತು. ಗೋಡೆ ಕಟ್ಟಲಾಗದೆ ಕೋಶಗಳು ಉಂಡೆಯಾದವು, ಸತ್ತವು. ನೀವು ಕಂಡ ಉಂಡೆಗಳು ಅವೇ.

ಎರಡನೇ ಏರು ಇನ್ನೂ ಸ್ವಾರಸ್ಯ. ಟ್ಯೂಬಿನಲ್ಲಿ ಆ ಸಕ್ಕರೆ ಪೂರ್ತಿ ಇಲ್ಲವೆಂದಲ್ಲ, ಕಟ್ಟಿಕೊಂಡ ರೂಪದಲ್ಲಿದೆ. ಯೀಸ್ಟ್ ಸಾರದಲ್ಲಿ ಯೀಸ್ಟ್ ಗೋಡೆಯ ಕೈಟಿನ್ ಚೂರುಗಳಿವೆ. ಸೀರಂ ಪ್ರೊಟೀನುಗಳ ಮೇಲೂ ಅದು ಅಂಟಿಕೊಂಡಿದೆ. ಕೈಟಿನ್ ಅಂದರೆ ಇದೇ ಸಕ್ಕರೆಯ ಉದ್ದ ಸರಪಳಿ. ಎರಡು ಕೊಂಡಿಯ ತುಂಡಿಗೆ ಕೈಟೋಬಯೋಸ್ ಅನ್ನುತ್ತಾರೆ. ಅದನ್ನು ಒಳಗೆಳೆಯಲು ಬೊರ್ರೇಲಿಯಾಕ್ಕೆ ಸಿಎಚ್‌ಬಿ-ಸಿ ಅನ್ನುವ ಬಾಗಿಲಿದೆ. ಹೊಟ್ಟೆ ತುಂಬಿದ್ದಾಗ ಈ ಬಾಗಿಲನ್ನು ಅದು ಹೆಚ್ಚು ಮಾಡುವುದಿಲ್ಲ. ಬಿಡಿ ಸಕ್ಕರೆ ಮುಗಿದು ಹಸಿವಾದ ಮೇಲೆ ಆರ್‌ಪಿಒ-ಎಸ್ ಅನ್ನುವ ನಿಯಂತ್ರಕದ ನೆರವಿನಿಂದ ಈ ಜೀನ್ ಜೋರಾಗಿ ಓಡತೊಡಗುತ್ತದೆ. ಬದುಕಿ ಉಳಿದ ಕೋಶಗಳು ಕೈಟೋಬಯೋಸ್ ಎಳೆದುಕೊಂಡು ಎದ್ದುಬಂದವು. ಈ ಜೀನನ್ನು ಕಿತ್ತುಹಾಕಿದ ತಳಿಯಲ್ಲಿ ಎರಡನೇ ಏರು ಬರುವುದೇ ಇಲ್ಲ.

ಬೊರ್ರೇಲಿಯಾಕ್ಕೆ ಕೈಟಿನ್ ಯಾಕೆ ಬೇಕು ಅನ್ನುವುದಕ್ಕೆ ಉಣುಗನ್ನು ನೋಡಬೇಕು. ಉಣುಗಿನ ಹೊರಕವಚ ಕೈಟಿನ್ನಿನದು. ರಕ್ತ ಕುಡಿದಾಗ ಅದರ ಕರುಳಿನಲ್ಲಿ ರಕ್ತದ ಸುತ್ತ ಕಟ್ಟುವ ತೆಳು ಪೊರೆಯಲ್ಲೂ ಕೈಟಿನ್ ಇದೆ. ಅಲ್ಲೇ ಬೊರ್ರೇಲಿಯಾ ಇರುವುದು. ಇದರ ಗೋಡೆಯಲ್ಲಿ ಬೇರೆ ಬ್ಯಾಕ್ಟೀರಿಯಾದಲ್ಲಿ ಕಾಣದ ಕೈಟೋಬಯೋಸ್ ತುಂಡುಗಳೇ ಸೇರಿಕೊಂಡಿವೆ ಅಂತ 2021ರಲ್ಲಿ ಗೊತ್ತಾಯಿತು. ಉಣುಗಿನ ಸಕ್ಕರೆ ಹೆಚ್ಚುಕಡಿಮೆ ಹಾಗೇ ಇದರ ಗೋಡೆ ಸೇರುತ್ತದೆ. ಆದರೆ ಒಂದು ಎಚ್ಚರಿಕೆ: ಸಿಎಚ್‌ಬಿ-ಸಿ ಇಲ್ಲದ ತಳಿಯೂ ಇಲಿ–ಉಣುಗು ಸುತ್ತನ್ನು ಪೂರೈಸಿದೆ. ಅಂದರೆ ಜೀವಂತ ಉಣುಗಿನಲ್ಲಿ ಈ ಇಟ್ಟಿಗೆಗೆ ಒಂದಕ್ಕಿಂತ ಹೆಚ್ಚು ದಾರಿಯಿದೆ. ಟ್ಯೂಬಿನಲ್ಲಿ ಕಂಡದ್ದನ್ನು ನೇರವಾಗಿ ಉಣುಗಿಗೆ ಅನ್ವಯಿಸಿ ಪ್ರಬಂಧದಲ್ಲಿ ಬರೆಯಬೇಡಿ.

ನನ್ನ ಮಾತು ನಂಬಬೇಕಿಲ್ಲ, ಪರೀಕ್ಷಿಸಿ. ಕೋಶಗಳನ್ನು ನಿಧಾನ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ಹಳೆ ಮೀಡಿಯಂ ತೆಗೆಯಿರಿ. ಈಗ ಮಾಡುತ್ತಿರುವ ಮೀಡಿಯಂನ ಒಂದು ಟ್ಯೂಬ್. ಅದಕ್ಕೇ ಅಸಿಟೈಲ್ ಗ್ಲೂಕೋಸಮೈನ್ 1.5 ಮಿಲಿಮೋಲಾರ್ ಸೇರಿಸಿದ ಒಂದು ಟ್ಯೂಬ್. ಗ್ಲೂಕೋಸ್ ಎರಡು ಪಟ್ಟು ಇರುವ ಒಂದು. ಕಬ್ಬಿಣ ಹಾಕಿದ ಒಂದು. ಸಿಕ್ಕರೆ ಕೈಟೋಬಯೋಸ್ ಹಾಕಿದ್ದು ಇನ್ನೊಂದು. ದಿನಕ್ಕೊಮ್ಮೆ ಎಣಿಸಿ.

ಸೈಡರೋಫೋರ್ | ಮಂಗಳವಾರ, ರಾತ್ರಿ 9.10

ಸರ್, ಕಣ್ಣು ತೆರೆಸಿದಿರಿ. ನಾನು ಹೇಳಿದ ದಾರಿ ತಪ್ಪಾಗಿತ್ತು, ಸುರುಳಿ ಅವರು ಕ್ಷಮಿಸಬೇಕು. ಆದರೆ ನನಗೆ ಒಂದು ವಿಷಯ ಕಾಡುತ್ತಿದೆ. ಹಾಗಾದರೆ ಕಬ್ಬಿಣ ಎಲ್ಲಿಂದ ಬರುತ್ತದೆ? ಅದಕ್ಕೂ ಒಂದು ಬಾಗಿಲು ಇರಲೇಬೇಕಲ್ವಾ?

ಉಣುಗುಗಾವಲು | ಬುಧವಾರ, ಬೆಳಿಗ್ಗೆ 6.45

ಕ್ಷಮೆ ಯಾಕೆ, ಬೇರೆ ಯಾವ ಬ್ಯಾಕ್ಟೀರಿಯಾ ಆಗಿದ್ದರೂ ನಿಮ್ಮ ಊಹೆಯೇ ಮೊದಲು ಪರೀಕ್ಷಿಸಬೇಕಾದದ್ದು.

ಬೊರ್ರೇಲಿಯಾಕ್ಕೆ ಕಬ್ಬಿಣ ಬೇಕಿಲ್ಲ. 2000ದಲ್ಲಿ ಪೋಸಿ ಮತ್ತು ಗೆರಾರ್ಡಿನಿ ಇದನ್ನು ತೋರಿಸಿದರು. ಒಂದು ಕೋಶದಲ್ಲಿ ಕಬ್ಬಿಣದ 10 ಪರಮಾಣುವೂ ಇರುವುದಿಲ್ಲ ಅಂತ ಅವರ ಲೆಕ್ಕ. ಇ. ಕೋಲೈನಲ್ಲಿ ಅದು ಲಕ್ಷಗಟ್ಟಲೆ ಇರುತ್ತದೆ. ಕಬ್ಬಿಣ ಬೇಕಾಗುವ ಪ್ರೊಟೀನುಗಳ ಜೀನುಗಳನ್ನೇ ಇದು ಬಹುಪಾಲು ಕಳೆದುಕೊಂಡಿದೆ. ಉಳಿದ ಕೆಲಸಕ್ಕೆ ಮ್ಯಾಂಗನೀಸ್ ಇಟ್ಟುಕೊಂಡಿದೆ. ಸೂಪರಾಕ್ಸೈಡ್ ಅನ್ನುವ ವಿಷಕಾರಿ ಆಮ್ಲಜನಕವನ್ನು ತಣಿಸುವ ಕಿಣ್ವ ಇದರಲ್ಲಿ ಮ್ಯಾಂಗನೀಸ್‌ನಿಂದ ನಡೆಯುತ್ತದೆ. ಇದೊಂದೇ ಅಲ್ಲ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಕೂಡ ಕಬ್ಬಿಣವಿಲ್ಲದೆ ಮ್ಯಾಂಗನೀಸ್‌ನಲ್ಲಿ ಬದುಕುತ್ತದೆ.

ನಮ್ಮ ಮೈ ಟ್ರಾನ್ಸ್‌ಫೆರಿನ್, ಲ್ಯಾಕ್ಟೋಫೆರಿನ್ ಅಂತ ಕಬ್ಬಿಣಕ್ಕೆ ಹಾಕಿದ ಬೀಗಗಳು ಇದರ ಮುಂದೆ ವ್ಯರ್ಥ. ಆದರೆ ಬಿಳಿ ರಕ್ತಕಣದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಇನ್ನೊಂದು ಪ್ರೊಟೀನ್ ಇದೆ. ಅದು ಸತು ಮತ್ತು ಮ್ಯಾಂಗನೀಸನ್ನು ಹಿಡಿದಿಡುತ್ತದೆ. ಹಾಗಾಗಿ ಹೋರಾಟ ಪೂರ್ತಿ ತಪ್ಪಿಲ್ಲ, ಲೋಹ ಬದಲಾಗಿದೆ.

ಮ್ಯಾಂಗನೀಸ್‌ನ ಬಾಗಿಲು ಬಿಎಂಟಿ-ಎ. 2009ರಲ್ಲಿ ಗುರುತಿಸಿದರು. ಅದನ್ನು ಕಿತ್ತುಹಾಕಿದ ತಳಿ ಇಲಿಗೆ ಸೋಂಕು ಹತ್ತಿಸಲಾರದು, ಉಣುಗಿನಲ್ಲೂ ಉಳಿಯಲಾರದು. ಸಿಎಚ್‌ಬಿ-ಸಿಗಿಂತ ಇದು ದೊಡ್ಡ ಬಾಗಿಲು ಅನ್ನುವುದು ನನ್ನ ಅಭಿಪ್ರಾಯ.

ಸುರುಳಿ, ಇದನ್ನು ಓದಿ ಮ್ಯಾಂಗನೀಸ್ ಸುರಿಯಲು ಹೋಗಬೇಡಿ. ಸೀರಂ ಮತ್ತು ಯೀಸ್ಟ್ ಸಾರದಿಂದ ಬರುವುದೇ ಸಾಕು. ಪರೀಕ್ಷೆಯ ಆ ಒಂದು ಟ್ಯೂಬು ಬಿಟ್ಟರೆ ಕಬ್ಬಿಣ ಹಾಕುವುದನ್ನೂ ನಿಲ್ಲಿಸಿ. ಪೆರಾಕ್ಸೈಡ್ ಜೊತೆ ಸೇರಿ ಡಿಎನ್‌ಎ ಕತ್ತರಿಸುವ ಕಬ್ಬಿಣ ಒಳಗಿಲ್ಲದ ಕಾರಣ ಇದರ ಡಿಎನ್‌ಎ ಸುರಕ್ಷಿತ. ಆದರೆ ಪೊರೆಯ ಕೊಬ್ಬು ಸೀರಂನಿಂದ ಎರವಲು ತಂದದ್ದು, ಅದಕ್ಕೆ ಪೆಟ್ಟು ಬೀಳುತ್ತದೆ. ಹೊರಗೆ ಕಬ್ಬಿಣ ಹೆಚ್ಚಿಸಿ ಪಡೆಯುವ ಲಾಭ ಏನೂ ಇಲ್ಲ.

ಒಳಕೋಶ | ಬುಧವಾರ, ಮಧ್ಯಾಹ್ನ 1.30

ಈ ಚರ್ಚೆ ಓದಿ ಸುಮ್ನೆ ಇರಲಾಗಲಿಲ್ಲ. ನಾನು ಅನಾಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಬೆಳೆಸುತ್ತೇನೆ. ಅದೂ ಅದೇ ಉಣುಗಿನಲ್ಲಿ ಬರುತ್ತದೆ, ಆದರೆ ಟ್ಯೂಬಿನ ಮೀಡಿಯಂನಲ್ಲಿ ಬೆಳೆಯದು. ಜೀವಂತ ಕೋಶದೊಳಗೇ ಬೆಳೆಸಬೇಕು.

ಕಬ್ಬಿಣ ಬೇಡ ಅನ್ನುವುದನ್ನು ಉಣುಗಿನ ಎಲ್ಲ ಬ್ಯಾಕ್ಟೀರಿಯಾಕ್ಕೂ ಹೇಳಿದ್ದು ಅಂತ ಯಾರೂ ತಿಳಿಯದಿರಲಿ ಅಂತ ಬರೆಯುತ್ತಿದ್ದೇನೆ. ನಮ್ಮದರ ನೆಂಟ ಎರ್ಲಿಕಿಯಾ ಶಫೆನ್ಸಿಸ್‌ಗೆ ಕಬ್ಬಿಣ ಬೇಕೇ ಬೇಕು. ಕಬ್ಬಿಣ ಹಿಡಿಯುವ ಔಷಧ ಹಾಕಿದರೆ ಅದರ ಬೆಳವಣಿಗೆ ನಿಲ್ಲುತ್ತದೆ. ಅದು ಆತಿಥೇಯ ಕೋಶಕ್ಕೆ ತನ್ನ ಪ್ರೊಟೀನ್ ಕಳಿಸಿ, ಕೋಶ ಫೆರಿಟಿನ್‌ನಲ್ಲಿ ಕೂಡಿಟ್ಟ ಕಬ್ಬಿಣವನ್ನು ಕೋಶದ ಕೈಯಿಂದಲೇ ಬಿಡಿಸುತ್ತದೆ.

ಅನಾಪ್ಲಾಸ್ಮಾದ ರೀತಿ ಬೇರೆ. ಅದಕ್ಕೆ ಪೆಪ್ಟಿಡೋಗ್ಲೈಕಾನ್ ಗೋಡೆ ಕಟ್ಟುವ ಪೂರ್ತಿ ಜೀನುಗಳಿಲ್ಲ. ಪೊರೆ ಗಟ್ಟಿಯಾಗಲು ಕೊಲೆಸ್ಟರಾಲ್ ಬೇಕು, ಆದರೆ ಅದನ್ನು ಮಾಡಲು ಬರದು. ಹಾಗಾಗಿ ಆತಿಥೇಯ ಕೋಶ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಕಣ) ಮೂಲಕ ಒಳಗೆ ತರುವ ಕೊಲೆಸ್ಟರಾಲನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ. ಎಟಿಎಸ್-1 ಅನ್ನುವ ಪ್ರೊಟೀನ್ ಕಳಿಸಿ, ಕೋಶ ತನ್ನ ಭಾಗಗಳನ್ನು ತಾನೇ ಜೀರ್ಣಿಸುವ ಹಾಗೆ ಮಾಡಿ, ಬಂದ ಪೋಷಕಾಂಶ ಪಡೆಯುತ್ತದೆ. ಕೋಶದೊಳಗೇ ಬದುಕುವ ಇನ್ನೊಂದು ಬ್ಯಾಕ್ಟೀರಿಯಾ ರಿಕೆಟ್ಸಿಯಾ ಇನ್ನೂ ಮುಂದೆ ಹೋಗಿದೆ. ಆತಿಥೇಯ ಕೋಶದ ಶಕ್ತಿ ತುಂಬಿದ ಅಣು ಎಟಿಪಿಯನ್ನೇ ಒಳಗೆಳೆದು, ಬದಲಿಗೆ ಶಕ್ತಿ ಬಳಸಿ ಉಳಿದ ಎಡಿಪಿ ಹೊರಬಿಡುವ ಬಾಗಿಲು ಅದಕ್ಕಿದೆ.

ಉಣುಗಿಗೇ ಒಂದು ಕೊರತೆಯಿದೆ ಅನ್ನುವುದನ್ನೂ ಮರೆಯಬಾರದು. ಅದು ಜೀವನವಿಡೀ ರಕ್ತವೊಂದನ್ನೇ ಕುಡಿಯುತ್ತದೆ. ರಕ್ತದಲ್ಲಿ ಬಿ ವಿಟಮಿನ್ ಸಾಲದು. ಬಯೋಟಿನ್, ರೈಬೋಫ್ಲೇವಿನ್, ಫೋಲೇಟ್ ಮಾಡಿಕೊಡಲು ಕಾಕ್ಸಿಯೆಲ್ಲಾ, ಫ್ರಾನ್ಸಿಸೆಲ್ಲಾ ಜಾತಿಗೆ ಹತ್ತಿರದ ಸಹವಾಸಿ ಬ್ಯಾಕ್ಟೀರಿಯಾಗಳನ್ನು ಅನೇಕ ಉಣುಗುಗಳು ಒಳಗೇ ಸಾಕಿಕೊಂಡಿವೆ. ಔಷಧ ಕೊಟ್ಟು ಅವನ್ನು ತೆಗೆದರೆ ಉಣುಗು ಸರಿಯಾಗಿ ಬೆಳೆಯುವುದಿಲ್ಲ.

ಸುರುಳಿ_34 | ಎರಡು ವಾರದ ನಂತರ, ಗುರುವಾರ, ಸಂಜೆ 5.50

ಫಲಿತಾಂಶ ಬಂದಿದೆ. ಅಸಿಟೈಲ್ ಗ್ಲೂಕೋಸಮೈನ್ ಪಕ್ಕದ ಲ್ಯಾಬಿನಿಂದ ಸಿಕ್ಕಿತು. ಕೈಟೋಬಯೋಸ್ ಕೂಡ ಒಂದೇ ಒಂದು ಟ್ಯೂಬಿಗೆ ಆಗುವಷ್ಟು ಕೊಟ್ಟರು.

ಹಳೆ ಮೀಡಿಯಂ: ಅದೇ ಸಣ್ಣ ಏರು, ಇಳಿತ, ಎಂಟನೇ ದಿನ ಮತ್ತೆ ಏರು. ಗ್ಲೂಕೋಸ್ ಎರಡು ಪಟ್ಟು ಹಾಕಿದ್ದು: ಅದರ ನಕಲು. ಕಬ್ಬಿಣ ಹಾಕಿದ್ದು: ಅದರ ನಕಲು. ಅಸಿಟೈಲ್ ಗ್ಲೂಕೋಸಮೈನ್ ಹಾಕಿದ್ದು: ಎಲ್ಲೂ ನಿಲ್ಲದೆ ಆರನೇ ದಿನಕ್ಕೆ 5 ಕೋಟಿ. ಕೈಟೋಬಯೋಸ್ ಟ್ಯೂಬೂ ನಿಲ್ಲದೆ ಏರಿತು! ಆರನೇ ದಿನ ಸುರುಳಿಗಳು ಡಾರ್ಕ್‌ಫೀಲ್ಡ್ ತುಂಬಾ ಬೆಳ್ಳಿ ಎಳೆಗಳ ಹಾಗೆ ಓಡುತ್ತಿದ್ದವು. ಮೂರು ತಿಂಗಳಲ್ಲಿ ಮೊದಲ ಸಲ ಹಾಗೆ ಕಂಡದ್ದು. ತುಂಬಾ ಹೊತ್ತು ನೋಡುತ್ತಾ ನಿಂತೆ.

ಇಷ್ಟು ದಿನ ಮೀಡಿಯಂನಲ್ಲಿ ಏನಿದೆ ಅಂತ ಮಾತ್ರ ಯೋಚಿಸುತ್ತಿದ್ದೆ. ಯಾವುದನ್ನು ಒಳಗೆ ತೆಗೆದುಕೊಳ್ಳಬಲ್ಲದು, ಯಾವುದನ್ನು ತಾನೇ ಮಾಡಬಲ್ಲದು ಅಂತ ಯೋಚಿಸಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಈಗ ಚೆನ್ನಾಗಿ ಬೆಳೆದಿರುವ ಈ ಕೋಶಗಳನ್ನೇ ಮುಂದೆ ಉಣುಗಿಗೆ ಹತ್ತಿಸುವ ಪ್ರಯೋಗಕ್ಕೆ ಬಳಸಬಹುದಾ? ಮೂರು ತಿಂಗಳಿಂದ ಟ್ಯೂಬಿನಿಂದ ಟ್ಯೂಬಿಗೆ ಸಾಗಿಸುತ್ತಾ ಬಂದ ಸಾಲು ಇದು.

ಕಪ್ಪುಹಿನ್ನೆಲೆ | ಗುರುವಾರ, ಸಂಜೆ 6.30

ತುಂಬಾ ಸಂತೋಷ. ಐದೂ ಟ್ಯೂಬಿನ ಎಣಿಕೆಯನ್ನು ಒಂದೇ ಗ್ರಾಫಿನಲ್ಲಿ ಹಾಕಿ ಇಲ್ಲಿ ಸೇರಿಸಿ. ಮುಂದೆ ಬರುವವರಿಗೆ ಆಗುತ್ತದೆ.

ಉಣುಗುಗಾವಲು | ಗುರುವಾರ, ರಾತ್ರಿ 9.00

ದಯವಿಟ್ಟು ಬಳಸಬೇಡಿ. ಇದನ್ನು ಕೇಳಿದ್ದು ಒಳ್ಳೆಯದಾಯಿತು.

ಬಿ31ರಲ್ಲಿ ಕ್ರೋಮೋಸೋಮ್ ಅಲ್ಲದೆ 21 ಪ್ಲಾಸ್ಮಿಡ್‌ಗಳಿವೆ, ಅಂದರೆ ಪ್ರತ್ಯೇಕವಾದ ಸಣ್ಣ ಡಿಎನ್‌ಎ ತುಂಡುಗಳು. ಟ್ಯೂಬಿನಲ್ಲಿ ಹೆಚ್ಚು ಸಲ ಸಾಗಿಸಿದಷ್ಟೂ ಕೆಲವು ಉದುರಿಹೋಗುತ್ತವೆ. ಉದುರಿದ್ದು ಎಣಿಕೆಯಲ್ಲಿ ಗೊತ್ತೇ ಆಗುವುದಿಲ್ಲ. ಎಲ್‌ಪಿ25 ಅನ್ನುವ ಪ್ಲಾಸ್ಮಿಡ್ ಮೇಲೆ ಪಿಎನ್‌ಸಿ-ಎ ಅನ್ನುವ ಜೀನಿದೆ. ಅದು ನಿಕೋಟಿನಮೈಡನ್ನು ನಿಕೋಟಿನಿಕ್ ಆಮ್ಲವಾಗಿ ಮಾಡುವ ಕಿಣ್ವ ಕೊಡುತ್ತದೆ. ಕಿಣ್ವಗಳಿಗೆ ನೆರವಾಗುವ ಎನ್‌ಎಡಿ ಅನ್ನುವ ಅಣು ತಯಾರಿಸಲು ಬೊರ್ರೇಲಿಯಾಕ್ಕೆ ಆ ನಿಕೋಟಿನಿಕ್ ಆಮ್ಲ ಬೇಕು. ಮೀಡಿಯಂನಲ್ಲಿ ನಿಕೋಟಿನಿಕ್ ಆಮ್ಲ ಸಿದ್ಧವಾಗಿ ಸಿಗುತ್ತದೆ, ಹಾಗಾಗಿ ಎಲ್‌ಪಿ25 ಹೋದರೂ ಟ್ಯೂಬಿನಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಇಲಿಯ ಮೈಗೆ ಹೋದಾಗ ಮಾತ್ರ ಬದುಕಲಾರದು. ಎಲ್‌ಪಿ25 ಕಳೆದುಕೊಂಡ ತಳಿಗೆ ಪಿಎನ್‌ಸಿ-ಎ ಒಂದನ್ನು ಮರಳಿಸಿದರೆ ಇಲಿಗೆ ಸೋಂಕು ಹತ್ತಿಸುವ ಶಕ್ತಿ ಬರುತ್ತದೆ ಅಂತ 2003ರಲ್ಲಿ ತೋರಿಸಿದ್ದಾರೆ. ಇದೂ ನಿಮ್ಮ ಸಕ್ಕರೆಯ ಕಥೆಯೇ, ತಿರುಗಿಸಿ ನೋಡಿದರೆ. ಅಲ್ಲಿ ಟ್ಯೂಬಿನಲ್ಲಿ ಏನೋ ಕಡಿಮೆಯಿತ್ತು. ಇಲ್ಲಿ ಟ್ಯೂಬು ಎಲ್ಲ ಕೊಟ್ಟು ಕೊರತೆಯನ್ನು ಮುಚ್ಚುತ್ತದೆ.

ಅದರ ಮೇಲೆ ನಿಮ್ಮ ಕೋಶಗಳು ಪ್ರತಿ ಸಲ ಒಂದು ಸಾಮೂಹಿಕ ಸಾವನ್ನು ದಾಟಿ ಬಂದಿವೆ. ಬದುಕಿದವು ಮೊದಲಿನವೇ ಅಂತ ಹೇಳಲಾಗದು. ಮೈನಸ್ 80ರಲ್ಲಿ ಗ್ಲಿಸರಾಲ್ ಹಾಕಿ ಇಟ್ಟ, ಕಡಿಮೆ ಸಾಗಿಸಿದ ಹಳೆ ಸ್ಟಾಕ್ ಇದ್ದರೆ ಅದನ್ನು ತೆಗೆಯಿರಿ. ಪೂರ್ತಿ ಮೀಡಿಯಂನಲ್ಲಿ ಬೆಳೆಸಿ. ಉಣುಗಿಗೆ ಹತ್ತಿಸುವ ಮುಂಚೆ ಎಲ್‌ಪಿ25 ಮತ್ತು ಎಲ್‌ಪಿ28-1 ಅನ್ನುವ ಇನ್ನೊಂದು ಪ್ಲಾಸ್ಮಿಡ್, ಎರಡಕ್ಕೂ ಪಿಸಿಆರ್ ಮಾಡಿ. ಎಲ್ಲ ಪ್ಲಾಸ್ಮಿಡ್‌ಗೂ ಮಾಡಿದರೆ ಇನ್ನೂ ಒಳ್ಳೆಯದು.

ಸುರುಳಿ_34 | ಶುಕ್ರವಾರ, ಬೆಳಿಗ್ಗೆ 8.40

ಈ ಬೆಳಿಗ್ಗೆಯೇ ನಮ್ಮ ಕೋಶಗಳಿಗೆ ಎಲ್‌ಪಿ25 ಪಿಸಿಆರ್ ಹಾಕಿ ನೋಡಿದೆ. ಪಟ್ಟಿ ಇಲ್ಲ, ಅಂದರೆ ಎಲ್‌ಪಿ25 ಉದುರಿಹೋಗಿದೆ. ಕಂಟ್ರೋಲ್‌ನಲ್ಲಿ ಚೆನ್ನಾಗಿ ಬಂದಿದೆ. ಇದನ್ನು ಉಣುಗಿಗೆ ಹತ್ತಿಸಿ, ಇಲಿಗೆ ಸೋಂಕು ತಗುಲದಿದ್ದಾಗ ಮತ್ತೆ ಮೂರು ತಿಂಗಳು ಕಾರಣ ಹುಡುಕುತ್ತಿದ್ದೆ. ಸೀನಿಯರ್ ಇಟ್ಟುಹೋದ, ಮೂರೇ ಸಲ ಸಾಗಿಸಿದ (ಮೂರನೇ ಪಾಸೇಜಿನ) ಸ್ಟಾಕ್ ಒಂದು ಬಾಟಲಿ ಸಿಕ್ಕಿದೆ. ಅದನ್ನು ಕರಗಿಸಿ ಹೊಸ ಮೀಡಿಯಂಗೆ ಹಾಕಿದ್ದೇನೆ. ಗ್ರಾಫ್ ಕೆಳಗೆ ಸೇರಿಸಿದ್ದೇನೆ.

ಶೀರ್ಷಿಕೆ ಬದಲಿಸಲು ಆಗುತ್ತಿಲ್ಲ. ಕಬ್ಬಿಣ ಅಂತ ಹುಡುಕಿಕೊಂಡು ಇಲ್ಲಿಗೆ ಬಂದವರು ಉಣುಗುಗಾವಲು ಸರ್ ಮಂಗಳವಾರ ರಾತ್ರಿ ಬರೆದದ್ದನ್ನು ಮೊದಲು ಓದಿ.